ಬೊಟ್ಟಿಗೆ ಐದು ಹಲ್ಲು

ಕೊಂಡಿ ಹಣಿಗೆಯನ್ನು ಕಂಡುಹಿಡಿದವನು ನಾನಲ್ಲ. ಕಂಡುಹಿಡಿದಾಕೆ ಇಳಕಲ್ಲಿನ ನೇಕಾರ ಹೆಣ್ಣುಮಗಳು, ನೀಲವ್ವ. ಪೇಟೆಂಟ್ ಕಾಗದದ ಮೇಲೆ ಇರುವುದು ನನ್ನ ಹೆಸರು. ಅಷ್ಟಕ್ಕೇ ನಿಲ್ಲಲಿಲ್ಲ ನಾನು — ಆಕೆ ಕಂಡುಹಿಡಿದ ವಸ್ತುವನ್ನು ಆಕೆಯೇ ಮಾಡಬಾರದೆಂದು ಆಕೆಗೇ ನೋಟೀಸು ಕಳಿಸಿದೆ.

ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ, ಯಾಕೆಂದರೆ ನನ್ನ ಮೇಲೆ ನನಗೆ ಭರವಸೆ ಇಲ್ಲ. ಹಿಂದೆ ಎರಡು ಸಲ ಬರೆಯಲು ಕುಳಿತಿದ್ದೆ. ಎರಡೂ ಸಲ ನನ್ನ ತಂದೆಯಿಂದ ಸುರು ಮಾಡಿ, ಮಾಸ್ತರಿಕೆಯ ಸಣ್ಣ ಪಗಾರಕ್ಕೆ ಬಂದು, ನಾಲ್ಕು ಹಾಳೆ ಆಗುವಷ್ಟರಲ್ಲಿ ನಾನೇ ಪಾಪದ ಮನುಷ್ಯನಾಗಿ ಕುಳಿತಿದ್ದೆ. ಎರಡನ್ನೂ ಹರಿದು ಬಚ್ಚಲ ಒಲೆಗೆ ಹಾಕಿದೆ.

ಎಪ್ಪತ್ತರ ದಶಕ ಸುರುವಾಗಿ ಒಂದೆರಡು ವರ್ಷ ಆಗಿತ್ತು. ಬಾಗಲಕೋಟೆಯ ಒಂದು ತಾಂತ್ರಿಕ ಶಾಲೆಯಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಬೇಸಗೆ ಸೂಟಿಯಲ್ಲಿ ಇಳಕಲ್ಲಿನ ನೇಕಾರರ ಸಂಘದವರು ಮಗ್ಗಗಳ ನಕ್ಷೆ ತೆಗೆದುಕೊಡಲು ಕರೆದರು. ಸ್ಕೇಲು, ಪೆನ್ಸಿಲು, ಹಾಳೆಯ ಸುರುಳಿ ಹಿಡಿದುಕೊಂಡು ಮನೆ ಮನೆ ತಿರುಗಿದೆ.

ಇಳಕಲ್ ಸೀರೆ ಉಡುವವರಿಗೂ ಎಷ್ಟೋ ಸಲ ಗೊತ್ತಿರದ ಸಂಗತಿ ಒಂದಿದೆ. ಆ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಗೆ ಬೇಕಾದ ಹತ್ತಿಯ ಉದ್ದೆಳೆಗಳನ್ನು ಒಂದು ಮನೆಯಲ್ಲಿ ಹಾಸುತ್ತಾರೆ, ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಇನ್ನೊಂದು ಮನೆಯಲ್ಲಿ. ಮಗ್ಗಕ್ಕೆ ಏರಿಸುವ ಮೊದಲು ಇವೆರಡನ್ನೂ ಒಂದರೊಳಗೊಂದು ಸಿಕ್ಕಿಸಿ ಕೂಡಿಸಬೇಕು. ಇದಕ್ಕೆ ಕೊಂಡಿ ಹಾಕುವುದು ಅನ್ನುತ್ತಾರೆ. ಪ್ರತಿ ಸೀರೆಗೂ ಹೊಸದಾಗಿ ಹಾಕಬೇಕು. ಹೆಂಗಸರ ಕೆಲಸ. ಒಬ್ಬಾಕೆ ಎಳೆ ಹಿಡಿದು ಕೂಡಬೇಕು, ಇನ್ನೊಬ್ಬಾಕೆ ಕೊಂಡಿ ಹಾಕಬೇಕು. ಇವತ್ತು ನಿಮ್ಮ ಮನೆಗೆ ನಾ ಬಂದರೆ ನಾಳೆ ನಮ್ಮ ಮನೆಗೆ ನೀವು ಬರಬೇಕು — ಹೀಗೇ ಓಣಿ ಓಣಿ ನಡೆಯುತ್ತಿತ್ತು.

ನೀಲವ್ವ ಒಬ್ಬರೇ ಕುಳಿತು ಹಾಕುತ್ತಿದ್ದರು. ಆಗ ಅವರಿಗೆ ನಲವತ್ತರ ಹತ್ತಿರ ಇದ್ದೀತು. ನಾನು ಬಾಗಿಲಲ್ಲಿ ನಿಂತದ್ದು ಅವರಿಗೆ ಗೊತ್ತಾಗಲಿಲ್ಲ. ಎರಡು ಹಾಸಿನ ನಡುವೆ ಮೊಳದುದ್ದದ ಬೇವಿನ ಪಟ್ಟಿ, ಅದರ ತುಂಬ ಸಾಲಾಗಿ ಬಿದಿರಿನ ಹಲ್ಲು. ಒಂದೊಂದು ಹಲ್ಲು ನಾಲ್ಕಾರು ಎಳೆ ಹಿಡಿದುಕೊಂಡು ನಿಂತಿದೆ, ಎದುರಿಗೆ ಕೂತು ಹಿಡಿಯಬೇಕಾದ ಹೆಂಗಸಿನ ಬದಲಿಗೆ.

"ಇದೇನ್ರಿ?" ಅಂದೆ.

"ಹಣಗಿರಿ," ಅಂದರು ತಲೆ ಎತ್ತದೆ. "ತಲಿ ಹಿಕ್ಕೂದಲ್ಲ, ಕೊಂಡೀದು. ಮನಿಯವ್ರು ತೀರಿಕೊಂಡ ಮ್ಯಾಲೆ ಮಗ್ಗಾನೂ ನನ್ನ ಮ್ಯಾಲೇ ಬಿತ್ತು, ಮಂದಿ ಮನಿಗೆ ತಿರಗಿ ಹೋಗಾಕ ಹೊತ್ತಿಲ್ಲ; ಕೊಂಡಿಗೆ ಸುಮ್ನ ಕರ್ಯಾಕ ಹೋಗೂದಾತು. ಎಷ್ಟ ದಿನಾ ಅಂತ ಕರೀಲಿ? ಅವರ ಬಾಗಲದಾಗ ನಿಂತು ನಿಂತು ಸಾಕಾತ್ರಿ. ಕುಂತು ಇದನ್ನ ಕೆತ್ತಿದ್ನಿ."

"ಹಲ್ಲಿನ ಅಳತಿ ಏನು?"

"ಬೊಟ್ಟಿಗೆ ಐದು."

"ಯಾರ ಬೊಟ್ಟು?" ಅಂದೆ, ಮಾಸ್ತರಿಕೆಯ ಗತ್ತಿನಲ್ಲಿ.

"ನಂದರಿ. ಕೊಂಡಿ ಹಾಕಾಕಿ ನಾನು. ನಿಮ್ಮ ಬೊಟ್ಟು ತಗೊಂಡು ಏನ ಮಾಡ್ಲಿ?"

ಇಬ್ಬರೂ ನಕ್ಕೆವು. ಅವರ ಬೆರಳಿನ ಅಗಲವನ್ನು ನನ್ನ ಸ್ಕೇಲಿನಿಂದ ಅಳೆದು ಬರೆದುಕೊಂಡೆ. ಪಕ್ಕದಲ್ಲಿ ಗಂಜಿ ನೀರಿನ ಬಟ್ಟಲು ಇತ್ತು, ಕೊಂಡಿಗೊಮ್ಮೆ ಬೆರಳು ಅದ್ದುತ್ತಿದ್ದರು. ಯಾಕೆ ಅಂತ ಕೇಳಿದೆ. "ಒಣಾ ಎಳಿ ಬಿದರಿಗೆ ನಿಲ್ಲೂದಿಲ್ರಿ, ಜಾರ್ತೈತಿ. ಹಸೀ ಬೊಟ್ಟು ತಾಗಿದ್ರ ಹಿಡಕೋತೈತಿ." ಅದನ್ನೂ ಬರೆದುಕೊಂಡೆ, ಬರೆದು ಕೆಳಗೆ ಗೆರೆ ಎಳೆದೆ. ಆ ವಹಿ ಇನ್ನೂ ನನ್ನ ಹತ್ತಿರ ಇದೆ. ಗೆರೆ ಭಾಳ ನೆಟ್ಟಗೆ ಬಂದಿದೆ.

ಪೇಟೆಂಟಿನ ಹೊಸ ಕಾಯ್ದೆ ಬಂದಿದ್ದು ನನಗೆ ಗೊತ್ತಿತ್ತು. ಹೇಳಿದೆ: "ಇದನ್ನ ಮಾಡಿದಾಕಿ ನೀಲವ್ವ ಅಂತ ಸರಕಾರದ ಮುದ್ರಿ ಬಿದ್ದ ಕಾಗದ ಆಗ್ತದ. ನಾ ಮಾಡಿಸಿ ಕೊಡ್ತೇನಿ. ಆದರ ಅರ್ಜಿ ಹೋಗೂತನಕ ಯಾರಿಗೂ ತೋರಸಬ್ಯಾಡ್ರಿ. ಮಂದಿ ಕಣ್ಣಿಗೆ ಬಿದ್ದರ ಅದು ಹೊಸಾದು ಅಂತ ಆಗೂದಿಲ್ಲ." ಅವತ್ತು ನನ್ನ ಮನಸ್ಸಿನಲ್ಲಿ ಕಪಟ ಇರಲಿಲ್ಲ — ಇರಲಿಲ್ಲ ಅಂತಲೇ ನೆನಪು. ಕಾಯ್ದೆಯೂ ಹಾಗೇ ಇತ್ತು. ಅವರು ಒಂದೇ ಮಾತು ಕೇಳಿದರು: "ಆ ಕಾಗದದಾಗ ನಮ್ಮವ್ವನ ಹೆಸರೂ ಹಾಕಾಕ ಬರ್ತೈತೇನ್ರಿ? ನನಗ ಕೊಂಡಿ ಕಲಿಸಿದಾಕಿ ಅಕಿ." ನೋಡೋಣ ಅಂದೆ. ಅವತ್ತಿನಿಂದ ನೆರೆಯವರು ಬಂದರೆ ಹಣಿಗೆ ಜೋಳದ ಚೀಲದ ಹಿಂದೆ ಹೋಗುತ್ತಿತ್ತು. ನಾನು ತಿಂಗಳೊಪ್ಪತ್ತು ನಕ್ಷೆ ಹಿಡಿದು ಆ ಮನೆಗೆ ಹೋಗಿ ಬಂದದ್ದನ್ನು ಓಣಿಯೆಲ್ಲ ನೋಡಿತು. ಹಣಿಗೆಯನ್ನು ಯಾರೂ ನೋಡಲಿಲ್ಲ.

ಹುನಗುಂದದಲ್ಲಿ ಮಲ್ಲೇಶಪ್ಪ ಅಂತ ಒಬ್ಬ ವರ್ಕಶಾಪ್ ಇಟ್ಟಿದ್ದ. ಹಣಿಗೆಯನ್ನು ಕಬ್ಬಿಣದಲ್ಲಿ ಮಾಡಿದರೆ ಹೇಗೆ ಎಂದು ಕೇಳಲು ಅವನ ಹತ್ತಿರ ಹೋದೆ. ಹೋಗಿದ್ದು ಅಷ್ಟಕ್ಕೇ. ಅವನು ನಕ್ಷೆಯನ್ನು ಭಾಳ ಹೊತ್ತು ನೋಡಿದ.

"ಮಾಸ್ತರ, ಐದು ಬರೂದಿಲ್ಲ. ನನ್ನ ಮಷಿನ್ನಿನ ಲೆಕ್ಕಕ್ಕ ಬೊಟ್ಟಿಗೆ ಆರು ಬರ್ತೈತಿ," ಅಂದ. ಆಮೇಲೆ ಚಹಾ ತರಿಸಿದ. ಚಹಾ ಕುಡಿಯುತ್ತ ಕುಡಿಯುತ್ತ ಹೇಳಿದ: "ಬಿದರಿಂದು ಯಾರ ಬೇಕಾದವ್ರು ಕುಡಗೋಲು ತಗೊಂಡು ಕೆತ್ತತಾರ. ಕಬ್ಬಿಣದ್ದು ಬೇಕಂದ್ರ ನನ್ನ ಹಂತ್ಯಾಕೇ ಬರಬೇಕು. ಊರಾಗ ಎರಡು ಅಳತಿ ಇರಬಾರ್ದು, ತಿಳೀತೇನು? ಆರು ಆಗಬೇಕು."

ತಿಳಿಯಿತು. ಇಡೀ ಸೀಮೆಯಲ್ಲಿ ಅವತ್ತು ಅದು ಅರ್ಥವಾಗಿದ್ದು ನಮ್ಮಿಬ್ಬರಿಗೇ ಇರಬೇಕು. ಮೈಯ ಹಾಸು ಒಂದು ಮನೆಯದು, ಸೆರಗಿನ ಹಾಸು ಇನ್ನೊಂದು ಮನೆಯದು ಅಂದೆನಲ್ಲ — ಒಂದನ್ನು ಐದರ ಹಣಿಗೆಗೆ ವಿಂಗಡಿಸಿ ಇನ್ನೊಂದನ್ನು ಆರರದಕ್ಕೆ ವಿಂಗಡಿಸಿದರೆ ಕೊಂಡಿ ಕೂಡುವುದಿಲ್ಲ, ಎಳೆ ಉಳಿದು ಗೋಜಲಾಗುತ್ತದೆ. ಊರಿಗೆಲ್ಲ ಒಂದೇ ಅಳತೆ ಬೇಕು. ಯಾವ ಅಳತೆ ಮೊದಲು ನಾಲ್ಕು ಓಣಿ ಹೊಕ್ಕಿತೋ ಉಳಿದವರೂ ಅದನ್ನೇ ಹಿಡಿಯಬೇಕು, ಇನ್ನೊಂದು ಎಷ್ಟು ಚೆನ್ನಾಗಿದ್ದರೂ ಮೂಲೆ ಸೇರಬೇಕು. ಮಲ್ಲೇಶಪ್ಪ ಹಣಿಗೆಗೆ ಇಷ್ಟು ಎಂದು ರಾಯಲ್ಟಿ ಕೊಡಲು ತಯಾರಿದ್ದ, ಆದರೆ ಕಾಗದ ನನ್ನ ಹೆಸರಲ್ಲಿರಬೇಕು. "ಆ ಹೆಣ್ಮಗಳ ಜೋಡಿ ನಾ ಏನ ಕರಾರು ಮಾಡ್ಲಿ? ನೀವು ಓದಿದವ್ರು, ನಿಮ್ಮ ಜೋಡಿ ಮಾಡ್ತೇನಿ."

ಅರ್ಜಿಯಲ್ಲಿ ಒಂದು ಸಾಲು ಇತ್ತು, ಇಂಗ್ಲಿಷಿನಲ್ಲಿ. ನಾನೇ ಇದರ ನಿಜವಾದ ಮತ್ತು ಮೊದಲ ಶೋಧಕನೆಂದು ಘೋಷಿಸುತ್ತೇನೆ ಎಂದು. ಅಲ್ಲಿ ಬಂದಾಗ ಪೆನ್ನು ನಿಂತಿತು. ಸ್ವಲ್ಪೇ ನಿಂತಿತು. ನಮ್ಮದು ಶಾಸ್ತ್ರ ಓದಿದವರ ಮನೆ; ತಂದೆ ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ 'ಗೆರಿ ಎಳೀತಾನ' ಅನ್ನುತ್ತಿದ್ದರು. ಸರಕಾರದ ಮುದ್ರೆ ಬಿದ್ದ ಕಾಗದ ಅವರ ಮುಂದೆ ಇಡಬೇಕು — ನೋಡಿ, ಮತ್ತೆ ತಂದೆಯನ್ನು ತಂದೆ. ಅವರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ನಕ್ಷೆಯ ಮೇಲೆ ಬರೆಯುವ ಚಂದದ ಅಕ್ಷರದಲ್ಲಿ ನನ್ನ ಹೆಸರು ಬರೆದೆ. ಅಳತೆ ಆರು ಅಂತ ಬರೆದೆ.

ಅರ್ಜಿ ಹೋಯಿತು, ಹಣಿಗೆ ಬಚ್ಚಿಡುವ ಕಾರಣ ಮುಗಿಯಿತು. ಇನ್ನು ಉಳಿದದ್ದು ಊರು ಒಪ್ಪುವುದು. ಸಂಘದವರು ಎರಡೂ ಹಣಿಗೆಗಳನ್ನು ಪರೀಕ್ಷೆಗೆ ಇಡೋಣ ಅಂದರು: ಬಿದಿರಿನ ಐದು, ಕಬ್ಬಿಣದ ಆರು. ಗೆದ್ದದ್ದನ್ನು ಸಂಘದ ಎಲ್ಲ ಮನೆಗಳಿಗೂ ಕಂತಿನ ಮೇಲೆ ಕೊಡುವುದು. ಪರೀಕ್ಷೆಯ ನಿಯಮ ಬರೆಯುವ ಕೆಲಸ ಯಾರಿಗೆ ಕೊಟ್ಟರು? ನನಗೆ. ಓದಿದವನು ನಾನೇ ಅಲ್ಲವೇ.

ನಾಲ್ಕನೆಯ ನಿಯಮ: ಎಳೆಗಳೂ ಕೈಗಳೂ ಒಣಗಿರತಕ್ಕದ್ದು. ಕಬ್ಬಿಣಕ್ಕೆ ಗಂಜಿ ನೀರು ತಾಗಿದರೆ ತುಕ್ಕು ಹಿಡಿಯುತ್ತದೆಂದು ನನಗೆ ಗೊತ್ತಿತ್ತು. ಒಣ ಎಳೆ ಬಿದಿರಿಗೆ ನಿಲ್ಲುವುದಿಲ್ಲವೆಂದು — ಅದೂ ಗೊತ್ತಿತ್ತು. ನಾನೇ ಕೆಳಗೆ ಗೆರೆ ಎಳೆದಿದ್ದೆನಲ್ಲ.

ಸಂಘದ ಶೆಡ್ಡಿನಲ್ಲಿ ಪರೀಕ್ಷೆ ನಡೆಯಿತು. ನೀಲವ್ವ ಖುಷಿಯಲ್ಲಿದ್ದರು. ಕಬ್ಬಿಣದ್ದೂ ತಮ್ಮ ಹಣಿಗೆಯೇ, ಮಾಸ್ತರರು ಕಬ್ಬಿಣದಲ್ಲಿ ಮಾಡಿಸಿದ್ದಾರೆ ಅಂತಲೇ ಅವರ ತಿಳುವಳಿಕೆ; ಯಾವ ಅಳತೆ ಇಟ್ಟುಕೊಳ್ಳಬೇಕು ಎಂಬುದಷ್ಟೇ ಪರೀಕ್ಷೆ ಎಂದುಕೊಂಡಿದ್ದರು. ಜೊತೆಗೆ ತಂದ ಗಂಜಿ ಬಟ್ಟಲನ್ನು ಕಾರ್ಯದರ್ಶಿ ತೆಗೆದು ಆಚೆ ಇಟ್ಟರು. ನೀಲವ್ವ ನನ್ನ ಕಡೆ ನೋಡಿದರು. ನಾನು ಕಾಗದ ನೋಡಿದೆ. ಅವರು ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ಕುಳಿತರು. ಎಳೆಗಳು ಜಾರಿದವು, ಹಿಡಿದರು, ಮತ್ತೆ ಜಾರಿದವು. ಕಬ್ಬಿಣದ ಹಣಿಗೆ ಹಿಡಿದ ಹುಡುಗಿ ಕೊಂಡಿ ಮುಗಿಸಿ ಎದ್ದು ನಿಂತಾಗ ಇವರದು ಅರ್ಧವೂ ಆಗಿರಲಿಲ್ಲ.

ಹೊರಗೆ ಬಂದಾಗ ಮೆಲ್ಲಗೆ ಕೇಳಿದರು, ನಾಲ್ಕು ಜನರಿಗೆ ಕೇಳಿಸದ ಹಾಗೆ, ನನ್ನ ಮಾನ ಹೋಗಬಾರದೆಂಬಂತೆ: "ಹಸೀ ಬೊಟ್ಟಿಂದು ಹೇಳಿದ್ನಲ್ರಿ ಮಾಸ್ತರ್ರ. ಮರತ್ರೇನ್ರಿ?"

"ಹೌದವ್ವ, ಮರತೆ," ಅಂದೆ.

"ಇರ್ಲಿ ಬಿಡ್ರಿ. ಆರರಾಗೂ ಬರ್ತೈತಿ," ಅಂದರು. ಅವರು ನನ್ನನ್ನು ಸಮಾಧಾನ ಮಾಡಿದರು.

ಇಳಕಲ್ಲು ಆರಕ್ಕೆ ತಿರುಗಿತು. ವರ್ಷ ಒಂದೂವರೆ ವರ್ಷದಲ್ಲಿ ಐದು ಎಂದರೆ ಯಾರೂ ತಿರುಗಿ ನೋಡದಂತಾಯಿತು. ಆದರೆ ಕಂತು ಕಟ್ಟಲಾಗದ ಹೆಂಗಸರು ಇದ್ದರಲ್ಲ, ಅವರು ನೀಲವ್ವನ ಹತ್ತಿರ ಹೋದರು. ನೀಲವ್ವ ತಮ್ಮ ಅಳತೆಯ ಹಟ ಹಿಡಿಯಲಿಲ್ಲ. ಬಿದಿರಿನಲ್ಲಿಯೇ ಬೊಟ್ಟಿಗೆ ಆರು ಹಲ್ಲು ಕೆತ್ತಿ ಕೊಟ್ಟರು, ಹಸಿ ಬೆರಳಿನಿಂದ ಹಿಡಿಯಲು ಕಲಿಸಿಕೊಟ್ಟರು. ಕಬ್ಬಿಣದ್ದಕ್ಕಿಂತ ಚೊಲೊ ನಡೆಯಿತಂತೆ. ಅಷ್ಟರಲ್ಲಿ ಕೈಬೆವರು ತಾಗಿ ತಾಗಿ ಕಬ್ಬಿಣದ್ದು ತನ್ನ ಗುಣ ತೋರಿಸಿತ್ತು. ನನ್ನ ಹೆಂಡತಿ ಹೊಸ ಸೀರೆಯೊಂದನ್ನು ಬೆಳಕಿಗೆ ಹಿಡಿದು, "ಸೆರಗು ಕೂಡಿದಲ್ಲೆ ಇದೇನ್ರಿ, ಕಂದು ಚುಕ್ಕಿ ಸಾಲಾಗಿ ಬಿದ್ದಾವ?" ಎಂದು ಕೇಳಿದಳು. ತುಕ್ಕು. ಬಣ್ಣದವರ ತಪ್ಪಿರಬೇಕು ಅಂದೆ. ಮಲ್ಲೇಶಪ್ಪ ಮುಂದೆ ಹಲ್ಲುಗಳಿಗೆ ನಿಕಲ್ ಹೊಡೆಸಿದ.

ಪೇಟೆಂಟ್ ಕೈಗೆ ಬಂದ ಕೂಡಲೇ ಮಲ್ಲೇಶಪ್ಪ ನಮ್ಮ ಮನೆಗೆ ಬಂದ. ಬಿದಿರಿನ ಹಣಿಗೆಗಳು ನಿಲ್ಲಬೇಕು, ವಕೀಲರು ಬರೆದಿದ್ದಾರೆ, ನೀವು ಸಹಿ ಮಾಡಿ ಅಂದ. ಓದಿದೆ. 'ನಮ್ಮ ಕಕ್ಷಿದಾರರ ಶೋಧವನ್ನು ಅನುಮತಿ ಇಲ್ಲದೆ ನಕಲು ಮಾಡುತ್ತಿರುವ' ಎಂದು ಇತ್ತು. ಕಕ್ಷಿದಾರ ಅಂದರೆ ನಾನು. ಸಹಿ ಮಾಡಿದೆ.

ನೀಲವ್ವನಿಗೆ ಓದಲು ಬರುತ್ತಿರಲಿಲ್ಲ. ನೋಟೀಸು ಹಿಡಿದುಕೊಂಡು ಸಂಘಕ್ಕೆ ಹೋದರು. ಸೋಮವಾರದ ಸಭೆ, ಶೆಡ್ಡಿನ ತುಂಬ ಹೆಂಗಸರು, ಗಂಡಸರು. ನನ್ನನ್ನೂ ಕರೆದಿದ್ದರು, ಕುರ್ಚಿ ಹಾಕಿ ಕೂಡಿಸಿದ್ದರು. ಕಾರ್ಯದರ್ಶಿ ಗಟ್ಟಿಯಾಗಿ ಓದಿದರು. ನನ್ನ ಹೆಸರು ಬಂದಾಗ ನೀಲವ್ವ ಇನ್ನೊಮ್ಮೆ ಓದಿರಿ ಅಂದರು. ಓದಿದರು. ಅವರು ನನ್ನ ಕಡೆ ತಿರುಗಿ, ಗದ್ದಲ ಮಾಡದೆ, "ಮಾಸ್ತರ್ರ, ಇವರಿಗೆ ಹೇಳ್ರಿ," ಅಂದರು.

ಒಂದು ಮಾತು ಸಾಕಿತ್ತು. ಒಂದೇ — ಹಣಿಗೆ ನೀಲವ್ವನದು ಅಂತ. ನನ್ನ ಬಾಯಿಂದ ಬಂದದ್ದು ಇದು: "ಕಾಗದದಾಗ ಇದ್ದದ್ದು ಖರೆ ಅದ."

ಮಂದಿ ಅದನ್ನೇ ನಂಬಿದರು. ಅವರಾದರೂ ಏನು ಮಾಡಬೇಕು? ನಾನು ಆ ಮನೆಗೆ ಹೋಗಿ ಬಂದದ್ದನ್ನು ಕಂಡಿದ್ದರು, ಅದಕ್ಕೂ ಮೊದಲು ಹಣಿಗೆಯನ್ನು ಕಂಡವರು ಒಬ್ಬರೂ ಇರಲಿಲ್ಲ. ಮಾಸ್ತರರ ನಕ್ಷೆ ನೋಡಿ ಕೆತ್ತಿ ತನ್ನದೆಂದು ಹೇಳಿಕೊಂಡಳು ಎಂದು ತಿಳಿದರು. ಬಚ್ಚಿಡಲು ಹೇಳಿದವನು ನಾನು. ಆ ಬಚ್ಚಿಟ್ಟದ್ದೇ ಅವರಿಗೆ ಸಾಕ್ಷಿ ಇಲ್ಲದ ಹಾಗೆ ಮಾಡಿತು. ಮುಂದಿನ ವಾರ ಹೆಂಗಸರು ಬಿದಿರಿನ ಹಣಿಗೆಗಳನ್ನು ತಂದು ಸಂಘದಲ್ಲಿ ಒಪ್ಪಿಸಿದರು. ಅವುಗಳನ್ನು ಚಹಾದ ಒಲೆಗೆ ಹಾಕಿದರೆಂದು ಕೇಳಿದೆ.

ಒಂದು ಸಲ ತಪ್ಪಿದೆ, ಆಮೇಲೆ ತಿದ್ದಿಕೊಳ್ಳಲು ದಾರಿ ಇರಲಿಲ್ಲ — ಹೀಗೆ ಹೇಳುವ ಹಾಗೂ ಇಲ್ಲ ನನಗೆ. ಪೇಟೆಂಟು ಒಮ್ಮೆ ಸಿಕ್ಕರೆ ಸಿಕ್ಕಿತೆಂದಲ್ಲ. ಮೂರನೆಯ ವರ್ಷದಿಂದ ವರ್ಷಾ ವರ್ಷಾ ಶುಲ್ಕ ತುಂಬಿ ಅದನ್ನು ಜೀವಂತ ಇಡಬೇಕು. ಒಂದು ವರ್ಷ ಸುಮ್ಮನಿದ್ದರೆ ತಾನೇ ಸಾಯುತ್ತದೆ. ಯಾರ ಕಾಲೂ ಹಿಡಿಯಬೇಕಾಗಿಲ್ಲ, ಯಾರ ಮುಂದೂ ಬಾಯಿ ಬಿಡಬೇಕಾಗಿಲ್ಲ. ನಾನು ಪ್ರತಿ ವರ್ಷ ಅಂಚೆ ಕಚೇರಿಗೆ ಹೋಗಿ ತುಂಬಿದೆ. ಜ್ವರ ಬಂದ ವರ್ಷವೂ ಜೋಲಿ ಹೊಡೆಯುತ್ತ ಹೋಗಿ ತುಂಬಿ ಬಂದೆ. ಆ ಶೆಡ್ಡಿನಲ್ಲಿ ಆಡಿದ ಮಾತನ್ನು ಪ್ರತಿ ವರ್ಷ ಹೊಸದಾಗಿ ಆಡಿದ ಹಾಗೆ. ನಡುವೆ ಶನಿವಾರ ಶನಿವಾರ ತುಳಸಿಗೇರಿಗೆ ಹೋಗಿ ಹಣಮಪ್ಪನಿಗೆ ಕೈ ಮುಗಿದು ಬರುತ್ತಿದ್ದೆ, ನಾಚಿಕೆಯೂ ಇಲ್ಲದೆ.

ಹದಿನಾಲ್ಕು ವರ್ಷಕ್ಕೆ ಅದರ ಅವಧಿ ಮುಗಿಯುತ್ತದೆ. ಮುಗಿಯಿತು. ಕಳೆದ ತಿಂಗಳು ಇಳಕಲ್ ಬಸ್ಸು ಹತ್ತಿದೆ.

ನೀಲವ್ವ ಕನ್ನಡಕ ಹಾಕಿಕೊಂಡು ಮಗ್ಗದ ಮುಂದೆಯೇ ಕುಳಿತಿದ್ದರು. ನಿಕಲ್ ಹೊಡೆದ ಕಬ್ಬಿಣದ ಹಣಿಗೆ, ನನ್ನದು — ಅಂದರೆ ನನ್ನ ಹೆಸರಿನದು — ಅವರ ಮಗ್ಗುಲಲ್ಲಿ ಇತ್ತು. ಕಂತಿನ ಮೇಲೆ ಕೊಂಡದ್ದಂತೆ. ಗುರುತು ಹಿಡಿದರು. "ಬರ್ರಿ," ಅಂದರು, ಮನೆಗೆ ಬಂದವರಿಗೆ ಅನ್ನುವ ಹಾಗೆ. ನಾನು ಎಲ್ಲ ಹೇಳಿದೆ. ನಾಲ್ಕನೆಯ ನಿಯಮ ಮರೆತು ಬರೆದದ್ದಲ್ಲ ಎಂದೂ ಹೇಳಿದೆ. ಅವರು ಎಳೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಹಂಗಾರ ಇನ್ನ ನಾ ಕೆತ್ತಿದ್ರ ತಪ್ಪಿಲ್ಲೇನ್ರಿ?"

"ಇಲ್ಲ."

"ಬೊಟ್ಟಿಗೆ ಐದೂ ಕೆತ್ತಬಹುದು?"

"ಕೆತ್ತಬಹುದು."

"ಯಾರಿಗೆ ಕೆತ್ಲಿ? ಊರ ಮಂದಿ ಕೈಯೆಲ್ಲಾ ಆರಕ್ಕ ಕುಂತಾವು. ನನ್ನ ಕೈಯೂ ಆರಕ್ಕ ಕುಂತೈತಿ."

ರಾಯಲ್ಟಿಯ ಮಾತು ಎತ್ತಿದೆ. ಅದು ಅವರ ಕಿವಿಗೆ ಬಿದ್ದ ಹಾಗೇ ಕಾಣಲಿಲ್ಲ. ಆಮೇಲೆ ಹೇಳಿದರು: "ಓಣ್ಯಾಗ ಹೊಸಾ ಸೊಸಿ ಬಂದ್ರ ಮೊದ್ಲು ಕೊಂಡಿ ಕಲ್ಯಾಕ ನನ್ನ ಹಂತ್ಯಾಕ ಕಳಸ್ತಿದ್ರು. ಅವತ್ತಿಂದ ಕಳಸಂಗಿಲ್ಲ. ಕಳ್ಳಿ ಅಂತಾರ. ಎದುರಿಗೆ ಅನ್ನೂದಿಲ್ಲ. ನನ್ನ ಸೊಸಿ ನೀರಿಗೆ ಹೋದಾಗ ಅಕಿ ಮುಂದ ಅಂತಾರ. ಇದನ್ನೆಲ್ಲಾ ನನ್ನ ಮುಂದ ಹೇಳಿ ಏನ ಮಾಡ್ತೀರಿ ಮಾಸ್ತರ್ರ? ನನಗ ಗೊತ್ತಿದ್ದದ್ದೇ ಹೇಳಿದ್ರಿ. ಸಂಘದಾಗ ಹೇಳ್ರಿ. ಅದೇ ಶೆಡ್ಡಿನ್ಯಾಗ, ಮಂದಿ ಮುಂದ."

"ಹೇಳ್ತೇನಿ," ಅಂದೆ. "ನೀವೂ ಬರ್ರಿ."

"ನಾ ಯಾಕ ಬರ್ಲಿ? ನಂದು ನಾ ಅವತ್ತೇ ಹೇಳೇನಿ."

ನೀರು ಕೊಟ್ಟರು, ಕುಡಿದೆ. ಎದ್ದು ಬರುವಾಗ ನಾನು ಕ್ಷಮಿಸಿರಿ ಎನ್ನಲಿಲ್ಲ. ಕೇಳಿದ್ದರೆ ಅವರು ಇರ್ಲಿ ಬಿಡ್ರಿ ಅಂದುಬಿಡುತ್ತಿದ್ದರೇನೋ — ಆ ಭಯಕ್ಕೇ ಕೇಳಲಿಲ್ಲ.

ಬರುವ ಸೋಮವಾರ ಸಂಘದ ಸಭೆ ಇದೆ. ಕಾರ್ಯದರ್ಶಿಗೆ ಕಾಗದ ಬರೆದು ಸಮಯ ಕೇಳಿದ್ದೇನೆ, ಕೊಟ್ಟಿದ್ದಾರೆ. ಮಾಸ್ತರರು ಏನೋ ಹೊಸ ನಕ್ಷೆ ತರುತ್ತಿದ್ದಾರೆಂದು ತಿಳಿದಿದ್ದಾರಂತೆ. ಈ ಹಾಳೆಗಳನ್ನೇ ಓದುತ್ತೇನೆ, ನಿಂತುಕೊಂಡು. ಅವತ್ತು ಶೆಡ್ಡಿನಲ್ಲಿದ್ದ ಹೆಂಗಸರಲ್ಲಿ ಐದಾರು ಮಂದಿ ತೀರಿಕೊಂಡಿದ್ದಾರೆ, ನೀಲವ್ವ ಕಳ್ಳಿ ಎಂದುಕೊಂಡೇ ಹೋದರು. ಅವರಿಗೆ ಇನ್ನು ಯಾರೂ ಹೇಳಲಾರರು. ಉಳಿದವರು ನಂಬಿಯಾರು, ನಂಬದೆಯೂ ಇದ್ದಾರು. ತಮ್ಮ ಸೊಸೆಯರನ್ನು ಆ ಮನೆಗೆ ಕಳಿಸಿರಿ ಎಂದು ಕೈ ಮುಗಿದು ಕೇಳುತ್ತೇನೆ.

ಒಂದು ಪ್ರಶ್ನೆ ಬಂದೇ ಬರುತ್ತದೆ. ಯಾರೋ ಒಬ್ಬಾಕೆ ಎದ್ದು ನಿಂತು, ಇಷ್ಟು ವರ್ಷ ಬಿಟ್ಟು ಈಗ್ಯಾಕ ಹೇಳಾಕ ಬಂದ್ರಿ ಮಾಸ್ತರ್ರ, ಎಂದು ಕೇಳುತ್ತಾಳೆ. ಅದಕ್ಕೆ ಚಂದದ ಉತ್ತರ ಒಂದೆರಡು ಹೊಂದಿಸಿ ನೋಡಿದೆ. ಅವನ್ನು ಇಲ್ಲಿ ಬರೆದಿಲ್ಲ. ಖರೆ ಇಷ್ಟೇ — ಹೇಳಿದರೆ ನನಗೆ ನಷ್ಟ ಆಗದ ದಿನ ಬರಲಿ ಎಂದು ಕಾದೆ, ಅದು ಬಂದ ಮೇಲೆ ಬಂದೆ. ಕೇಳಿದರೆ ಅದನ್ನೇ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.